ಬರೆದು ನೋಡಿ ಕೊಂಡ ದಬ್ಬಳ

ಮೂವತ್ತೈದು ವರ್ಷ ಸಾವಿರಾರು ಮಕ್ಕಳನ್ನು ತಿದ್ದಿದ ಕೈ ಇದು. ಇದಕ್ಕೆ ಒಂದು ಚರ್ಮದ ಚೀಲ ಬಗ್ಗದೆ ಇದ್ದೀತೆ? ಶನಿವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ನಿಂತು ಹೀಗೆಂದು ಘೋಷಿಸಿದೆ. ಸಭೆಯಲ್ಲಿದ್ದವಳು ನನ್ನ ಹೆಂಡತಿ ಒಬ್ಬಳೇ.

ಆಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯ ದಿನ ವಾರ್ಡಿನವರೆಲ್ಲ ಸೇರಿ ಕೊಟ್ಟ ಚೀಲ ಅದು. ನಾಳೆ, ಭಾನುವಾರ ಹತ್ತು ಗಂಟೆಗೆ ಅದೇ ಗೆಳತಿಯರ ಕೂಟವಿತ್ತು; ಆ ಚೀಲವನ್ನೇ ಹಿಡಿದು ಹೋಗಬೇಕೆಂದು ಆಕೆಯ ಆಸೆ. ಆದರೆ ಹಿಡಿಕೆಯ ಒಂದು ತುದಿ ಕಿತ್ತು ಜೋತಾಡುತ್ತಿತ್ತು.

“ರೀ, ಬೀದಿ ಮೂಲೇಲಿ ಚಪ್ಪಲಿ ಹೊಲಿಯೋಳು ಕೂತಿರ್ತಾಳೆ. ಐದು ನಿಮಿಷದ ಕೆಲಸ.”

“ಐದು ನಿಮಿಷದ ಕೆಲಸಕ್ಕೆ ನಾನು ಸಾಲದೇನೇ?”

“ನಿಮ್ಮ ಐದು ನಿಮಿಷ ನನಗೂ ಗೊತ್ತು, ಬಚ್ಚಲ ನಲ್ಲಿಗೂ ಗೊತ್ತು!”

ನಲ್ಲಿಯ ವಿಚಾರ ನನ್ನ ಕಿವಿಗೆ ಬೀಳಲಿಲ್ಲ. ನೇರವಾಗಿ ಸಾಮಾನಿನ ಅಂಗಡಿಗೆ ನಡೆದೆ.

ಅಂಗಡಿಯವನು ಚರ್ಮಕ್ಕೆ ತೂತು ಹಾಕುವ ಐದು ದಬ್ಬಳಗಳನ್ನು ಸಾಲಾಗಿ ಇಟ್ಟ. ಎಲ್ಲಕ್ಕೂ ಮರದ ಹಿಡಿ. “ಹಿಡಿದು ನೋಡಿ ಸಾರ್. ಕೈಗೆ ಆರಾಮ ಅನ್ನಿಸಿದ್ದನ್ನೇ ತಗೊಳ್ಳಿ.”

ಪರೀಕ್ಷೆ ಎಂದರೆ ನನಗೆ ಹಬ್ಬ! ಒಂದೊಂದನ್ನೂ ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಹಿಡಿದು ಗಾಳಿಯಲ್ಲಿ ಅ, ಆ, ಇ, ಈ ಬರೆದೆ. ಗುಂಡುಹಿಡಿಯ ದಬ್ಬಳ ‘ಅ’ ಬರೆಯಲೂ ತಿಣುಕಿತು. ನಪಾಸು! ತೆಳ್ಳಗೆ ನುಣ್ಣಗಿದ್ದ ಇನ್ನೊಂದು ಮಾತ್ರ ‘ಋ’ಕಾರವನ್ನೂ ಕುಣಿಕುಣಿದು ಬರೆಯಿತು. ಪ್ರಥಮ ದರ್ಜೆ!

“ಸಾರ್, ಅದು ಬರೆಯೋಕಲ್ಲ, ಒತ್ತೋಕೆ. ಗುಂಡಗಿರೋದು ಅಂಗೈಗೆ ಕೂರುತ್ತೆ.”

“ಕೈ ನನ್ನದಪ್ಪಾ!” ಎಂದೆ. ಅವನು ಕೈಮುಗಿದ.

ಮನೆಗೆ ಬಂದು ಮೇಜಿನ ಮೇಲೆ ಚೀಲ ಮಲಗಿಸಿ, ದಬ್ಬಳ ಒತ್ತಿದೆ. ಅದು ಅಲ್ಲಾಡಲಿಲ್ಲ, ನನ್ನ ಬೆರಳುಗಳೇ ಹಿಡಿಯ ಮೇಲೆ ಸರ್ರನೆ ಜಾರಿದವು. ಎರಡನೆಯ ಸಲಕ್ಕೆ ಬೆರಳು ಕೆಂಪಾಯಿತು, ಮೂರನೆಯದಕ್ಕೆ ಬೊಬ್ಬೆ ಎದ್ದಿತು. ಹಿಡಿಗೆ ಕಾಲುಚೀಲ ಸುತ್ತಿ ಎದ್ದು ನಿಂತೆ. ಎದೆಯ ಭಾರವನ್ನೆಲ್ಲ ಹಾಕಿ ಒತ್ತಿದೆ. ಕಚಕ್! ದಬ್ಬಳ ಮೇಜನ್ನೇ ಮುಟ್ಟಿತು.

“ಎಂಥ ದಪ್ಪ ಚರ್ಮ ಕಣೇ! ಒಳ್ಳೇ ಮಾಲು!” ಎಂದು ಅಡುಗೆಮನೆಯ ಕಡೆಗೆ ಕೂಗಿದೆ.

“ಹೊಲೀತಿದ್ದೀರೋ, ಕುಸ್ತಿ ಆಡ್ತಿದ್ದೀರೋ?”

ಹೀಗೆಯೇ ಒಟ್ಟು ಹತ್ತು ತೂತು. ಸೂಜಿಯನ್ನು ಇಕ್ಕಳದಿಂದ ಎಳೆದೆಳೆದು ಹತ್ತು ಹೊಲಿಗೆ ಹಾಕುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಆದರೇನು, ಗೆರೆ ಎಳೆದಂತಿತ್ತು ಸಾಲು!

ಹೆಂಡತಿ ಹಿಡಿಕೆಯನ್ನು ಜಗ್ಗಿ ನೋಡಿದಳು. ಅದು ಜಪ್ಪಯ್ಯ ಎನ್ನಲಿಲ್ಲ. “ಪರವಾಗಿಲ್ಲರೀ!” ಎಂದು ಚೀಲದ ಬಾಯಿ ತೆರೆದು ಕೈ ಹಾಕಿದಳು. ಕೈ ಎರಡು ಬೆರಳಿನಷ್ಟು ಇಳಿದು ನಿಂತಿತು.

“ರೀ... ಇದರ ಹೊಟ್ಟೆ ಎಲ್ಲಿ ಹೋಯ್ತು?”

ಬಗ್ಗಿ ನೋಡಿದೆ. ಹಿಡಿಕೆಯ ಜೊತೆಗೆ ಚೀಲದ ಮುಂಭಾಗವನ್ನೂ ಹಿಂಭಾಗವನ್ನೂ ಸೇರಿಸಿ, ನಡುವೆ ಗಾಳಿಯಾಡದಂತೆ ಹೊಲಿದುಬಿಟ್ಟಿದ್ದೆ!

ನಾನು ನಗಲು ಹೊರಟೆ. ಆಕೆ ಕುರ್ಚಿಯಲ್ಲಿ ಕುಸಿದಳು. “ನಾಳೆ ತೋರಿಸೋಣ ಅಂತ ವಾರ್ಡಿನ ಫೋಟೋ ಒಳಗಿಟ್ಟಿದ್ದೆ. ಇರೋದೇ ಒಂದು ಪ್ರತಿ. ಅದರಲ್ಲಿರೋ ಇಬ್ಬರು ಈಗ ಇಲ್ಲ.”

ಹೊಲಿಗೆಗಳನ್ನು ಮತ್ತೆ ಎಣಿಸಿದೆ. ಹತ್ತು ತೂತು! ಯಾರ ಕಣ್ಣಿಗೋ, ಯಾರ ಹಣೆಗೋ!

ಇಬ್ಬರೂ ಬೀದಿ ಮೂಲೆಗೆ ಓಡಿದೆವು. ಚಪ್ಪಲಿ ಹೊಲಿಯುವಾಕೆ ನನ್ನನ್ನು ಕಂಡು ಎದ್ದು ನಿಂತಳು. “ಬನ್ನಿ ಸರ್! ಆರನೇ ಕ್ಲಾಸಲ್ಲಿ ಕಿಟಕಿ ಪಕ್ಕ ಕೂರ್ತಿದ್ನಲ್ಲ, ನಾನೇ!” ಚೀಲವನ್ನು ತಿರುಗಿಸಿ ನೋಡಿದಳು. “ಯಾರು ಸರ್ ಹೀಗೆ ಮಾಡಿದ್ದು?”

“ಅದೆಲ್ಲ ಆಮೇಲೆ, ಮೊದಲು ಬಿಚ್ಚಮ್ಮಾ!”

ಒಂದೊಂದೇ ಹೊಲಿಗೆ ಕತ್ತರಿಸಿ ಫೋಟೋ ಹೊರಗೆಳೆದಳು. ಹೊಲಿಗೆಗೆ ಅದರ ಅಂಚು ಮಾತ್ರ ಸಿಕ್ಕಿದ್ದರಿಂದ ಎರಡೇ ತೂತು ಬಿದ್ದಿದ್ದವು. ಒಂದು ಆಕಾಶಕ್ಕೆ, ಇನ್ನೊಂದು ದೊಡ್ಡ ಡಾಕ್ಟರ ಕಿವಿಗೂ ಹಿರಿಯ ನರ್ಸಮ್ಮನ ಟೋಪಿಗೂ ನಡುವೆ. ಹೆಂಡತಿ ಬೆರಳಿಟ್ಟು ಇಪ್ಪತ್ತಮೂರು ಮುಖಗಳನ್ನೂ ಎಣಿಸಿದಳು. ಕೊನೆಯ ಮುಖ ಮುಗಿದಾಗ ಉಸಿರು ಬಿಟ್ಟಳು. ಆಗ ನಾನೂ ಬಿಟ್ಟೆ.

“ಇವರಿಬ್ಬರಿಗೂ ಆಗ್ತಾನೇ ಇರಲಿಲ್ಲ ಕಣ್ರೀ. ಸರಿಯಾಗಿ ಮಧ್ಯಕ್ಕೇ ಚುಚ್ಚಿದ್ದೀರಿ!” ಎಂದು ಕಣ್ಣೊರೆಸಿಕೊಂಡು ನಕ್ಕಳು.

ಶಿಷ್ಯೆ ನನ್ನ ಬೊಬ್ಬೆ ನೋಡಿ ತನ್ನ ದಬ್ಬಳವನ್ನು ನನ್ನ ಕೈಗಿಟ್ಟಳು. “ಬೆರಳಲ್ಲಿ ಅಲ್ಲ ಸರ್. ಅಂಗೈಯಲ್ಲಿ ಕೂರಿಸಿ. ಹಾಂ, ಹಾಗೆ.”

ವರ್ಷಗಟ್ಟಲೆ ಸವೆದು ನಯವಾದ ಹಿಡಿ, ಅಂಗೈ ತುಂಬಿ ಕುಳಿತಿತು.

“ಆರಾಮಾಗಿದೆಯಾ ಸರ್?”

“ಆಹಾ! ತುಂಬ ಆರಾಮಾಗಿದೆಯಮ್ಮಾ!”

“ಹಾಗಾದ್ರೆ ಇತ್ತ ಕೊಟ್ಬಿಡಿ ಸರ್. ನಾಳೆ ಅಮ್ಮಾವ್ರಿಗೆ ಬ್ಯಾಗು ಬೇಕು.”