ನಮ್ಮನೆಯ ಗದ್ದಲಕ್ಕೊಂದು ಸ್ಪೀಕರ್

ನನಗೆ ಮೆಲ್ಲಗೆ ಮಾತಾಡುವ ಕೆಟ್ಟ ಅಭ್ಯಾಸವಿದೆ. ಬೇರೆ ಕಡೆ ಇದನ್ನು ಸೌಜನ್ಯ ಎನ್ನುತ್ತಾರೋ ಏನೋ, ನಮ್ಮ ಗಡಿಯೂರು ಗುಮ್ಮಳಾಪುರದಲ್ಲಿ ಮಾತ್ರ ಮೆಲ್ಲಗೆ ಮಾತಾಡುವವನು ಯಾರದೋ ಚಾಡಿ ಹೇಳುತ್ತಿದ್ದಾನೆ ಎಂದೇ ಲೆಕ್ಕ. ಒಳ್ಳೆಯ ಮಾತಾದರೆ ಎರಡು ಹೊಲದಾಚೆಗೂ ಕೇಳಿಸಲಿ, ಮುಚ್ಚಿಡುವುದೇನಿದೆ ಎಂಬುದು ನಮ್ಮವರ ನಿಲುವು. ನಾನು ಹೆಣ್ಣು ನೋಡಲು ಹೋದಾಗ ಎರಡು ಮಾತಾಡಿದ್ದಕ್ಕೇ ನಮ್ಮ ಮಾವನವರು ಗಾಬರಿಯಾಗಿ, "ಹುಡುಗನಿಗೆ ಮೈಯಾಗೆ ಹುಷಾರಿಲ್ವಾ?" ಎಂದು ಅಮ್ಮನನ್ನು ಕೇಳಿದ್ದರು. "ಗಂಟ್ಲು ಕಟ್ಕಂಡದೆ, ವಾರದಾಗೆ ಸರಿಹೋಯ್ತದೆ" ಎಂದು ಅಮ್ಮ ಸಮಾಧಾನ ಹೇಳಿದಳು. ಮದುವೆಯಾಗಿ ಹನ್ನೆರಡು ವರ್ಷವಾಯಿತು, ಆ ವಾರ ಇನ್ನೂ ಮುಗಿದಿಲ್ಲ.

ಇಂಥ ನನಗೆ ಅನ್ನ ಹಾಕುತ್ತಿರುವುದು ಶಬ್ದವೇ. ಹೊಸೂರಿನ ಹೊರಗೆ ಸ್ಪೀಕರ್ ತಯಾರಿಸುವ ಒಂದು ಕಂಪನಿಯಲ್ಲಿ ವಿನ್ಯಾಸ ವಿಭಾಗದಲ್ಲಿದ್ದೇನೆ. ನಾಲ್ಕು ಗೋಡೆಗೂ ದಪ್ಪ ಫೋಮ್ ಮೆತ್ತಿದ ಪರೀಕ್ಷಾ ಕೋಣೆಯಲ್ಲಿ ಕೂತಿದ್ದರೆ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ಅಷ್ಟು ನೆಮ್ಮದಿ ನನಗೆ ಯಾವ ದೇವಸ್ಥಾನದಲ್ಲೂ ಸಿಕ್ಕಿಲ್ಲ. ಅಲ್ಲಿ ಕೂತೇ ನಾನು ಹಳ್ಳಿಯ ತುಂಬು ಕುಟುಂಬಗಳಿಗಾಗಿ ಹೊಸ ಸ್ಪೀಕರೊಂದನ್ನು ರೂಪಿಸಿದ್ದು. ಏಳೆಂಟು ಜನರಿರುವ ಮನೆ, ಮಿಕ್ಸಿ, ಕುಕ್ಕರು, ಹಿತ್ತಲಲ್ಲಿ ಹಸು. ಇದರ ನಡುವೆ ಹಾಡು ಕೇಳಿಸಬೇಕಲ್ಲ? ಅದಕ್ಕೇ ಮನೆಯ ಗದ್ದಲವನ್ನು ಸ್ಪೀಕರೇ ಆಲಿಸಿ, ಗದ್ದಲ ಏರಿದಂತೆ ತಾನೂ ದನಿ ಏರಿಸಿಕೊಳ್ಳುವ ಹಾಗೆ ಮಾಡಿದೆ. ಕೋಣೆಯಲ್ಲಿ ರೆಕಾರ್ಡ್ ಮಾಡಿದ ಗದ್ದಲ ಹಾಕಿ ನೋಡಿದರೆ ಅದ್ಭುತವಾಗಿ ಕೆಲಸ ಮಾಡಿತು. ರೆಕಾರ್ಡಾದ ಗದ್ದಲ ತಿರುಗಿ ವಾದ ಮಾಡುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಮ್ಯಾನೇಜರು ಸೇಲಂ ಕಡೆಯವರು. "ವೀಟುಲ ಟೆಸ್ಟ್ ಪಣ್ಣುಂಗ ಸಾರ್" ಎಂದರು. ಮನೆಯಲ್ಲೇ ಒಂದು ವಾರ ಇಟ್ಟು ನೋಡಬೇಕು, ಕೊನೆಗೆ ಮನೆಯ ಹಿರಿಯರು ಅಭಿಪ್ರಾಯದ ಫಾರಮಿಗೆ ಸಹಿ ಹಾಕಬೇಕು. ಹಾಕದಿದ್ದರೆ ಯೋಜನೆ ಅಲ್ಲಿಗೇ ಮುಗಿಯಿತು, ನಾನು ಮತ್ತೆ ಡಬ್ಬಗಳ ಸ್ಕ್ರೂ ಬಿಗಿಯಾಗಿದೆಯೇ ಎಂದು ತಿರುಗಿಸಿ ನೋಡುವ ಹಳೆಯ ವಿಭಾಗಕ್ಕೆ ಹೋಗಬೇಕು. ನಮ್ಮ ಮನೆಯ ಹಿರಿಯರೆಂದರೆ ಅಮ್ಮ. ಮಗನ ಕೆಲಸ ಉಳಿಯಲಿ ಎಂದು ಸುಳ್ಳಿಗೆ ಸಹಿ ಹಾಕುವ ಹೆಂಗಸಲ್ಲ. ನನಗೆ ನಿಜಕ್ಕೂ ಭಯವಾಯಿತು.

ಭಾನುವಾರ ಬೆಳಿಗ್ಗೆ ಸ್ಪೀಕರನ್ನು ಫ್ರಿಜ್ಜಿನ ಮೇಲಿಟ್ಟು ಭಕ್ತಿಗೀತೆ ಹಾಕಿದೆ. ಅಮ್ಮ ಪಡಸಾಲೆಯಿಂದ, "ಮಂಜುಳಾ, ಸಾರಿಗೆ ಉಪ್ಪಾಕಿದ್ಯಾ?" ಎಂದಳು. ಸ್ಪೀಕರು ಒಂದು ಮೆಟ್ಟಿಲು ಏರಿತು. ಸೊಸೆಗೆ ಕೇಳಿಸಲಿಲ್ಲವೆಂದು ಅಮ್ಮ ಇನ್ನೊಮ್ಮೆ ಜೋರಾಗಿ ಕೇಳಿದಳು. ನನ್ನ ಹೆಂಡತಿ ಅಡುಗೆಮನೆಯಿಂದ ಅದಕ್ಕಿಂತ ಜೋರಾಗಿ, "ಆಕಿದೀನಿ ಅತ್ತೆ" ಎಂದಳು. ಸ್ಪೀಕರು ಇಬ್ಬರನ್ನೂ ಮೀರಿಸಿತು. ಹಿತ್ತಲಲ್ಲಿದ್ದ ಚಿಕ್ಕಪ್ಪ ಏನಾಯಿತೆಂದು ಕೂಗಿದರು, ಹಸುವೂ ಕೂಗಿತು. ಐದೇ ನಿಮಿಷದಲ್ಲಿ ಅತ್ತೆ ಸೊಸೆಯ ಜಗಳ ಬಿಡಿಸಲು ಪಕ್ಕದ ಮನೆಯ ವೆಂಕಟಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಿದ್ದರು. ಜಗಳವೇ ಇಲ್ಲ ಎಂದು ಅವರಿಗೆ ತಿಳಿಸುವುದಕ್ಕೂ ಅರಚಬೇಕಾಯಿತು. ನಾನು ಜನ್ಮದಲ್ಲಿ ಮೊದಲ ಸಲ, "ಎಲ್ಲರೂ ಸುಮ್ನಿರಿ" ಎಂದು ಕಿರುಚಿದೆ. ಸ್ಪೀಕರು ಅದನ್ನೂ ಗಮನಿಸಿ ಇನ್ನೊಂದು ಮೆಟ್ಟಿಲು ಏರಿತು.

ಅಮ್ಮ ಎದ್ದು ಬಂದು ವೈರು ಕಿತ್ತಳು. "ಇರೋ ಬಾಯಿಗಳು ಸಾಲ್ದು ಅಂತ ಇದೊಂದ ತಂದಿದೀಯೇನ್ಲಾ? ದೊಡ್ಡೋರು ಮಾತಾಡ್ವಾಗ ಬಾಯಿ ಮುಚ್ಕಂಡಿರ್ಬೇಕು ಅಂತ ಇದಕ್ಕೆ ಹೇಳ್ಕೊಟ್ಟಿಲ್ವಾ?"

ಬೈಗುಳವೇನೋ ಬೈಗುಳವೇ. ಆದರೆ ಸೋಮವಾರ ಕಂಪನಿಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ, ಅದರಲ್ಲಿ ಒಂದು ವಿನ್ಯಾಸವಿದೆ ಅನಿಸಿತು. ಹೋದವನೇ ಲೆಕ್ಕವನ್ನು ತಿರುವುಮುರುವು ಮಾಡಿದೆ. ಮನೆಯಲ್ಲಿ ಮಾತು ಶುರುವಾದರೆ ಸ್ಪೀಕರು ಸುಮ್ಮನಾಗಬೇಕು, ಮಾತು ನಿಂತ ಮೇಲೆ ಹಾಡಬೇಕು. ಮ್ಯಾನೇಜರನ್ನು ಕಾಡಿ ಇನ್ನೊಂದು ವಾರ ಪಡೆದೆ.

ಈ ಸಲ ಅಮ್ಮ ಅದನ್ನು ದೂರದಿಂದಲೇ ಪರೀಕ್ಷಿಸಿದಳು. "ಏನ್ಲಾ" ಎಂದಳು, ಅದು ತೆಪ್ಪಗಾಯಿತು. ಮತ್ತೆ ಹಾಡತೊಡಗಿದಾಗ, "ಇಲ್ಕೇಳು" ಎಂದಳು, ಮತ್ತೆ ತೆಪ್ಪಗಾಯಿತು. ಅಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅಂದೇ ಅವಳು ಕುರ್ಚಿಯನ್ನು ಫ್ರಿಜ್ಜಿನ ಪಕ್ಕಕ್ಕೆ ಎಳೆದುಕೊಂಡಳು. ಡೆಂಕಣಿಕೋಟೆಯ ತವರಿನಲ್ಲಿ ಆನೆ ಬಂದು ರಾಗಿ ಹೊಲ ತುಳಿದ ಕತೆಯನ್ನು ನಾವೆಲ್ಲ ಅರ್ಧ ಕೇಳಿ ಎದ್ದುಹೋದವರೇ. ಸ್ಪೀಕರು ಪೂರ್ತಿ ಕೇಳಿತು. ಕನ್ನಡದಲ್ಲಿ ಹೇಳಲಿ, ವೆಂಕಟಮ್ಮನ ಜೊತೆ ತೆಲುಗಿನಲ್ಲಿ ಆಡಲಿ, ತರಕಾರಿಯವನಿಗೆ ತಮಿಳಿನಲ್ಲಿ ಬೈಯಲಿ, ಅದರ ವಿನಯದಲ್ಲಿ ವ್ಯತ್ಯಾಸವಾಗಲಿಲ್ಲ. ಇಡೀ ವಾರದಲ್ಲಿ ನನ್ನ ಸ್ಪೀಕರು ಒಂದೇ ಒಂದು ಹಾಡನ್ನೂ ಕೊನೆಮುಟ್ಟಿಸಲಿಲ್ಲ.

ಶನಿವಾರ ತಮಿಳಿನ ಫಾರಮನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಧ್ವನಿ ಹೇಗಿದೆ? "ಬಲು ಚೆನ್ನಾಗದೆ." ದೋಷಗಳೇನಾದರೂ? "ಒಂದೂ ಇಲ್ಲ ಕಣ್ಲಾ. ಇಂಥದ್ದು ಮನೆಗೊಂದಿರ್ಬೇಕು." ಸಹಿ ಹಾಕಿ ಕೆಳಗೊಂದು ಗೆರೆಯನ್ನೂ ಎಳೆದಳು. ಸೋಮವಾರ ಮ್ಯಾನೇಜರು ಫಾರಮು ನೋಡಿ ನನ್ನ ಕೈ ಕುಲುಕಿದರು. ಈ ಯೋಚನೆ ಹೊಳೆದದ್ದು ಹೇಗೆ ಎಂದು ಕೇಳಿದ್ದಕ್ಕೆ, ಬಳಕೆದಾರರನ್ನು ಬಹಳ ಕಾಲ ಹತ್ತಿರದಿಂದ ಗಮನಿಸಿದೆ ಎಂದೆ.

ಆ ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಎಂಟು ತಿಂಗಳ ದುಡಿಮೆ, ಇಂಥ ಯಂತ್ರ ಈ ಸುತ್ತಮುತ್ತಲಲ್ಲೇ ಯಾರೂ ಮಾಡಿಲ್ಲ ಎಂದು ಸ್ವಲ್ಪ ಬೀಗಿಯೇ ಹೇಳಿದೆ. ಅವಳು ಮುದ್ದೆ ತಿರುವುತ್ತಾ, "ಅದಕ್ಯಾಕ್ರೀ ಎಂಟು ತಿಂಗ್ಳು? ನಮ್ಮನೇಲಿ ಹನ್ನೆರಡು ವರ್ಸದಿಂದ ಅಂಥದ್ದೊಂದು ಓಡಾಡ್ಕಂಡೇ ಅದೆಯಲ್ಲ" ಎಂದಳು.

ಇದಕ್ಕೆ ನನ್ನ ಬಳಿ ತಕ್ಕ ಉತ್ತರವಿತ್ತು. ಅವಳ ಮಾತು ನಿಂತದ್ದೇ ಸ್ಪೀಕರು ಹಾಡತೊಡಗಿತ್ತು, ನಾನು ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಿಂದ ಅಮ್ಮ ಮಾತು ಶುರು ಮಾಡಿದಳು. ಫ್ರಿಜ್ಜಿನ ಮೇಲಿನದೂ ನಾನೂ ಒಟ್ಟಿಗೇ ಸುಮ್ಮನಾದೆವು.