ನನ್ನನ್ನೂ ಒಳಗೆ ಬಿಡದ ಕಾವಲುಗಾರ

ನಮ್ಮ ಮನೆಯ ಇಂಟರ್ನೆಟ್ಟಿನೊಳಗೆ ಇನ್ನು ಒಂದು ಸೊಳ್ಳೆಯೂ ನುಸುಳಕೂಡದು! ಹೀಗೆಂದು ಘೋಷಿಸಿ, ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಇಳಿಸಿ, ಲಿನಕ್ಸ್ ಎಂಬ ತಂತ್ರಾಂಶ ತುಂಬಿ, ಮನೆಯ ನೆಟ್ಟೆಲ್ಲ ಅದರ ಮೂಲಕವೇ ಹಾಯುವಂತೆ ಮಾಡಿ, ಫೈರ್‌ವಾಲ್ ಎಂಬ ಕಾವಲುಗಾರನ ಪಟ್ಟ ಕಟ್ಟಿದೆ. ಆಫೀಸಿನಲ್ಲಿ ಪಕ್ಕದ ಮೇಜಿನವನ ಇಮೇಲ್ ಕಳುವಾದಂದಿನಿಂದ ನನಗೆ ನೆಮ್ಮದಿಯೇ ಇರಲಿಲ್ಲ.

"ರೀ, ಹನ್ನೊಂದಕ್ಕೆ ವಿಡಿಯೋದಲ್ಲಿ ನನ್ನ ಇಂಟರ್‌ವ್ಯೂ ಇದೆ. ಇವತ್ತೊಂದಿನ ಆ ವೈರುಗಳ ತಂಟೆಗೆ ಹೋಗ್ಬೇಡಿ," ಎಂದಳು ಹೆಂಡತಿ. ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳಿಗೆ ಹನ್ನೆರಡು ವರ್ಷದ ಮೇಲೆ ಬಂದ ಮೊದಲ ಕರೆ ಅದು. ಯಾವುದೋ ಕಂಪನಿಯ ಗ್ರಾಹಕರ ದೂರು ವಿಭಾಗಕ್ಕೆ ಮೇಲ್ವಿಚಾರಕಿ ಬೇಕಾಗಿತ್ತಂತೆ.

"ಹತ್ತಕ್ಕೆಲ್ಲ ಮುಗಿಸ್ತೀನಿ ಕಣೇ! ನಾನೇನು ನಿನ್ನೆ ಮೊನ್ನೆ ಕಂಪ್ಯೂಟರ್ ಕಂಡವನಾ?"

ಆ ಹಳೆಯ ಯಂತ್ರದ ಪರದೆಯನ್ನು ಎಂದೋ ಗುಜರಿಗೆ ಹಾಕಿದ್ದೆವು. ಹಾಗಾಗಿ ನನ್ನ ಲ್ಯಾಪ್‌ಟಾಪಿನಿಂದಲೇ ಅದಕ್ಕೆ ಅಪ್ಪಣೆ ಕೊಡಬೇಕು. ಮೊದಲ ಅಪ್ಪಣೆ: ಯಾರೇ ಬರಲಿ, ಬಿಡಬೇಡ. ಎರಡನೆಯದು: ಮನೆಯವರನ್ನು ಬಿಡು. ಕರೆಂಟು ಹೋಗಿ ಬಂದರೂ ಮರೆಯದಂತೆ ಶಾಶ್ವತಗೊಳಿಸಿ, ಮೊದಲನೆಯದಕ್ಕೆ ಎಂಟರ್ ಒತ್ತಿದೆ.

ಎರಡನೆಯದನ್ನು ಬರೆಯುವ ಭಾಗ್ಯ ಬರಲೇ ಇಲ್ಲ! 'ಯಾರೇ' ಎಂಬುದರಲ್ಲಿ ನಾನೂ ಸೇರಿದ್ದೆ. ನಾನೇ ನೇಮಿಸಿದ ಕಾವಲುಗಾರ ನನ್ನ ಮುಖಕ್ಕೇ ಬಾಗಿಲು ಹಾಕಿದ್ದ!

ಹತ್ತು ಐವತ್ತು.

"ರೀ, ನೆಟ್ ಬರ್ತಿಲ್ಲ."

"ಬರಬಾರ್ದು ಕಣೇ! ಅಂದ್ರೆ ಅದು ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅರ್ಥ."

"ಹಾಗಾದ್ರೆ ಹಳೇ ಥರಾನೇ ರೂಟರ್‌ಗೆ ವೈರ್ ಹಾಕಿ."

ಇನ್ನು ನಿನ್ನ ಹಂಗಿಲ್ಲವೆಂದು ಆ ರೂಟರಿನ ಸೆಟ್ಟಿಂಗನ್ನೆಲ್ಲ ಬೆಳಗ್ಗೆಯೇ ಅಳಿಸಿದ್ದೆ. ನಮ್ಮ ನೆಲಮಹಡಿಯಲ್ಲಿ ಮೊಬೈಲ್ ಸಿಗ್ನಲ್ಲೋ, ಕಿಟಕಿಯಾಚೆ ಕೈ ಚಾಚಿದರೆ ಒಂದು ಕಡ್ಡಿ!

"ಬೇಲಿಯೇ ಎದ್ದು ಹೊಲ ಮೇಯ್ತು ಅನ್ನೋದು ಇದಕ್ಕೇ!" ಎಂದವಳ ಕಣ್ಣಲ್ಲಿ ನೀರಾಡಿತು. ಆದರೂ ನನ್ನ ಬಾಯಿ ಸುಮ್ಮನಿದ್ದೀತೇ?

"ತಪ್ಪು ನಂದಲ್ಲ. ಯಂತ್ರ ಅತಿಯಾದ ವಿಧೇಯ, ಅಷ್ಟೇ!"

ಅವಳು ಫೈಲು, ಲ್ಯಾಪ್‌ಟಾಪ್ ಬಾಚಿಕೊಂಡು ಮೇಲ್ಮಹಡಿಯ ಹಲ್ಲಿನ ಡಾಕ್ಟರಮ್ಮನ ಮನೆಗೆ ಓಡಿದಳು, ಒಂದು ಕಾಲಿಗೆ ನನ್ನ ಚಪ್ಪಲಿ ಸಿಕ್ಕಿಸಿಕೊಂಡೇ.

ಹನ್ನೆರಡೂ ಕಾಲಿಗೆ ಇಳಿದು ಬಂದಳು. ನಾನು ಸೋಲೊಪ್ಪುವ ಆಸಾಮಿಯೇ? ಸೊಂಟಕ್ಕೆ ಕೈಯಿಟ್ಟು ಕೇಳಿದೆ: "ಏನೇ ಹೇಳು, ಒಬ್ಬ ಕಳ್ಳನಾದ್ರೂ ಒಳಗೆ ಬಂದ್ನಾ?"

"ಇಲ್ಲ. ಕೆಲಸ ಸಿಕ್ತು."

"ಸಿಕ್ತಾ! ಹನ್ನೆರಡು ವರ್ಷ ಏನ್ಮಾಡ್ತಿದ್ರಿ ಅಂತ ಕೇಳ್ಲಿಲ್ವಾ?"

"ಕೇಳಿದ್ರು. ತಪ್ಪೆಲ್ಲ ತಮ್ಮದೇ ಇದ್ರೂ ಗಂಟಲು ಹರ್ಕೊಂಡು ವಾದ ಮಾಡೋರನ್ನ ಸಂಭಾಳಿಸಿ ಅಭ್ಯಾಸ ಇದೆಯಾ ಅಂತಾನೂ ಕೇಳಿದ್ರು."

"ನೀನೇನಂದೆ?"

"ಹನ್ನೆರಡು ವರ್ಷದಿಂದ ಮಾಡ್ತಿರೋದೇ ಅದು ಸಾರ್ ಅಂದೆ. ಉದಾಹರಣೆ ಕೇಳಿದ್ರು, ಇವತ್ತು ಬೆಳಗ್ಗಿಂದನ್ನೇ ಹೇಳ್ದೆ."