ಚನ್ನಬಸಪ್ಪನ ಕಾವಲಿಗೆ ನಾ ನಿಂತದ್ದು

ಸವಣೂರಿನಾಗ ಎಣ್ಣ್ಯಾಗ ಕರಿದ ಖಾರಾ ಮಾಡಿ ಮಾರೋರು ಭಾಳ ಮಂದಿ ಇದ್ದಾರ. ಆದ್ರ ಕುಡಿಯೋದು ಬಿಟ್ಟ ಖಾರಾದವ ಅಂದ್ರ ನಾ ಒಬ್ಬನ! ಇದನ್ನ ನಾವ ಹೇಳಿಕೊಂಡು ತಿರುಗಬಾರದು ಅಂತ ನನ್ನ ಹೆಂಡತಿ ಗಂಗವ್ವ ಎಷ್ಟೋ ಸಲ ಹೇಳ್ಯಾಳ. ಬ್ಯಾರೆ ಯಾರೂ ಹೇಳವಲ್ರು, ಅದಕ್ಕ ನಾನ ಹೇಳ್ತೇನಿ.

ಸೆರೆ ಕುಡಿಯೋದು ಬಿಟ್ಟಿದ್ದು ಖರೆ. ಆದ್ರ ಬಿಟ್ಟ ಮ್ಯಾಲ ಒಂದು ಹೊಸ ರೋಗ ಹತ್ತಿತು. ಸಂಜಿ ಆತಂದ್ರ ಕುಂತಲ್ಲಿ ಕುಂದ್ರಾಕ ಆಗಂಗಿಲ್ಲ. ಕಾಲು ತಾವ ಎದ್ದು ನಿಲ್ತಾವ. ಅಂಗಡಿ ಬಾಗಲಕ್ಕ ಹೋಗ್ತೇನಿ, ಒಳಗ ಬರ್ತೇನಿ, ತಣ್ಣಗಿದ್ದ ಬಾಣಲಿ ಒರಸ್ತೇನಿ, ಒರಸಿದ್ದನ್ನ ಮತ್ತ ಒರಸ್ತೇನಿ.

"ಕುಡೀತಿದ್ದಾಗ ಒಂದ ಕಡೆ ಬಿದ್ದಿರ್ತಿದ್ರಿ. ಸುತ್ತಲೂ ಕಸಾನರ ಹೊಡೀಬಹುದಿತ್ತು" ಅಂತಾಳ ಗಂಗವ್ವ.

ಈ ರೋಗಕ್ಕ ಔಷಧ ಹುಡುಕಿದವ ನನ್ನ ಗೆಳೆಯ ಚನ್ನಬಸಪ್ಪ. ಅವಂದು ಎಲಿಬಳ್ಳಿ ತೋಟ. ನಾ ಸೆರೆ ಬಿಟ್ಟೆ ಅಂತ ನನ್ನ ಬೆನ್ನಿಗೆ ಅವನೂ ಬಿಟ್ಟಿದ್ದ. ನಮ್ಮಿಬ್ಬರ ನಡುವ ಒಂದು ಕಟ್ಟಳಿ ಇತ್ತು. ಸಂಜಿಗೆ ಯಾರಿಗೆ ಕುಡಿಯೋ ಆಸೆ ಹುಟ್ಟತೈತೋ ಅವ ಇನ್ನೊಬ್ಬನ ಮನಿಗೆ ಓಡಿ ಬರಬೇಕು. ಓಡಿ ಬಂದವನ ಕೈ ನಡಗತಿರತೈತಿ, ಎಲಿಗೆ ಸುಣ್ಣ ಹಚ್ಚಾಕ ಬರಂಗಿಲ್ಲ. ಅದಕ್ಕ ಇನ್ನೊಬ್ಬ ಸುಣ್ಣ ಹಚ್ಚಿ, ಅಡಿಕಿ ಇಟ್ಟು, ಮಡಿಚಿ ಅವನ ಕೈಯಾಗ ಕೊಡಬೇಕು. ಇಬ್ಬರೂ ಮೆಲ್ಲಕೋತ ಕುಂತ್ರ ಅಷ್ಟರಾಗ ಸೆರೆ ಅಂಗಡಿ ಬಾಗಲ ಹಾಕಿರತಿತ್ತು. ಮೊದಲು ಬಿಟ್ಟವ ನಾ, ಹಂಗಂತ ನಾ ಗುರು, ಅವ ಶಿಷ್ಯ. ಇದು ನನಗ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ!

ಹಿಂಗಿದ್ದಾಗ, ಎರಡನೇ ಮಹಾಯುದ್ಧ ನಡೆದ ಕಾಲಕ್ಕ, ಚನ್ನಬಸಪ್ಪನ ಮಗಳು ನೀಲವ್ವಗ ಹಿರೇಕೆರೂರಿಂದ ಒಂದು ಸಂಬಂಧ ಬಂತು. ಬಂಗಾರದಂಥ ಹುಡುಗಿ. ಆದ್ರೂ ಶಿಗ್ಗಾಂವಿ ಸಂಬಂಧ ಮುರಿದಿತ್ತು, ಹಾನಗಲ್ಲಿಂದೂ ಮುರಿದಿತ್ತು. ಅಪ್ಪ ಕುಡೀತಾನ ಅನ್ನೋ ಸುದ್ದಿ ಹಾದಿ ತುಂಬ ಓಡಿತ್ತು, ಬಿಟ್ಟಾನ ಅನ್ನೋ ಸುದ್ದಿ ಮಾತ್ರ ಊರ ಅಗಸಿ ದಾಟಿರಲಿಲ್ಲ. ಹಿರೇಕೆರೂರಿಗೆ ಎರಡೂ ಮುಟ್ಟಿರಲಿಲ್ಲ. ಇದೂ ಹೋದ್ರ ನೀಲವ್ವಗ ಇನ್ನ ಯಾರು ಬರ್ತಾರ ಅಂತ ಚನ್ನಬಸಪ್ಪಗ ಊಟ ಸೇರವಲ್ದಾಗಿತ್ತು.

"ಫಕೀರಪ್ಪ, ಎದಿ ಡವಡವ ಹೊಡಕೊಳ್ಳಾಕತ್ತೈತೊ. ಬೀಗರು ಬರೋ ದಿನ ನನ್ನ ಬಾಜೂಕ ಇರು" ಅಂದ.

"ಬಾಜೂಕ ಯಾಕ, ಅವತ್ತು ನಿನ್ನ ನೆರಳ ನಾ!" ಅಂದೆ.

ಗಂಗವ್ವ ರೊಟ್ಟಿ ಬಡಿಯೋದು ನಿಲ್ಲಿಸಿದಳು. "ನೆರಳಾಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನೆರಳಿಗೆ ಬಾಯಿ ಇರಂಗಿಲ್ಲ. ಅಷ್ಟು ನೆನಪಿಡ್ರಿ."

ಆ ದಿನ ಹೊತ್ತು ಹುಟ್ಟೋದರಾಗ ನಾ ಅಧಿಕಾರ ವಹಿಸಿಕೊಂಡೆ. ಗಂಗವ್ವನೂ ನನ್ನ ಜೋಡಿ ಬಂದು ನೀಲವ್ವನ ಕೂಡ ಅಡಗಿ ಮನಿ ಸೇರಿದ್ಲು. ಚನ್ನಬಸಪ್ಪ ತೋಟಕ್ಕ ಹೋದ್ರ ಹಿಂದ ನಾ. ಹಿತ್ತಲಕ್ಕ ಹೋದ್ರೂ ಹಿಂದ ನಾ! "ಲೇ, ಇಲ್ಲೆರ ನನ್ನ ಬಿಡೋ" ಅಂದ. "ಕರ್ತವ್ಯ" ಅಂದೆ, ಬೆನ್ನು ತಿರುವಿ ನಿಂತೆ.

ಮನಿಯೊಳಗ ಬಂದ ಮ್ಯಾಲ ಗೂಡು ಗೂಡು ಹುಡುಕಿದೆ. ದೇವರ ಮನಿ ಬಾಜೂಕ ಒಂದು ಶೀಸೆ ಸಿಕ್ತು. ಸಿಕ್ಕಿತಲ್ಲ ಕಳ್ಳ! ಮೂಸಿ ನೋಡಬೇಕಿತ್ತು. ಆದ್ರ ಮೂಸಿದ್ರ ನನಗ ಆಸೆ ಹುಟ್ಟೀತು ಅಂತ ಮೂಗು ಗಟ್ಟಿ ಹಿಡಕೊಂಡು ಶೀಸೆ ಪೂರಾ ತಿಪ್ಪಿಗೆ ಚೆಲ್ಲಿದೆ. ಎಂಥಾ ದೊಡ್ಡ ಗಂಡಾಂತರ ತಪ್ಪಿಸಿದೆ ಅಂತ ನನ್ನ ಬೆನ್ನು ನಾನ ತಟ್ಟಿಕೊಂಡೆ. ಆಮ್ಯಾಲ ಮೂಗು ಬಿಟ್ಟೆ. ತಿಪ್ಪಿ ಘಮಘಮ ಅನ್ನಾಕತ್ತಿತ್ತು. ಬೀಗರ ಮ್ಯಾಲ ಚಿಮುಕಿಸಾಕ ತಂದಿಟ್ಟಿದ್ದ ಪನ್ನೀರು! ಯುದ್ಧದ ಕಾಲದಾಗ ಎಷ್ಟು ಅಡ್ಡಾಡಿ ತಂದಿದ್ದನೋ ಏನೋ. ಚನ್ನಬಸಪ್ಪ ತಲಿ ಮ್ಯಾಲ ಕೈ ಹೊತ್ತು ಕುಂತ.

ಅಷ್ಟರಾಗ ಬೀಗರು ಬಂದ್ರು. ಪೆಟ್ರೋಲ್ ಇಲ್ಲಂತ ಆಗ ಬಸ್ಸು ಇದ್ದಲಿ ಹೊಗಿ ಮ್ಯಾಲ ಓಡತಿದ್ವು. ಹುಡುಗನ ಅಪ್ಪ ರುದ್ರಪ್ಪ, ಅವ್ವ ಪಾರ್ವತವ್ವ, ಇಬ್ಬರ ಮಾರಿನೂ ಬಾಣಲಿ ತಳದಂಗ ಆಗಿತ್ತು. ನಾ ಮಾತ್ರ ಅವರ ಕಡೆ ನೋಡಲಿಲ್ಲ. ಚನ್ನಬಸಪ್ಪ "ಬರ್ರಿ ಬರ್ರಿ" ಅಂತ ಬಾಯಿ ತೆಗೆದಾಗ ಅವನ ಬಾಯಿ ಹತ್ರ ಮೂಗು ಒಯ್ದು ವಾಸನಿ ನೋಡಾಕತ್ತಿದ್ದೆ!

"ಇವರು ಯಾರ್ರಿ?" ಅಂದ್ಲು ಪಾರ್ವತವ್ವ.

"ಗೆಳೆಯ ರಿ. ಭಾಳ ಪ್ರೀತಿ" ಅಂದ ಚನ್ನಬಸಪ್ಪ, ಮೊಣಕೈಲೆ ನನ್ನ ತಿವಿದು.

ರುದ್ರಪ್ಪ ಹೆಚ್ಚು ಮಾತಾಡೋ ಮನಷ್ಯಾ ಅಲ್ಲ. ಬಂದಾಗಿಂದ ಕಿಸೆದಾಗಿನ ಲವಂಗ ಒಂದೊಂದ ಬಾಯಾಗ ಹಾಕ್ಕೊಂಡು ಕುಂತಿದ್ದ. ಪಾಪ, ಹಲ್ಲುನೋವು ಇರಬೇಕು ಅಂದ್ಕೊಂಡೆ.

ನೀಲವ್ವ ಬಂದು ನಮಸ್ಕಾರ ಮಾಡಿ ಒಳಗ ಹೋದ್ಲು. ಸಕ್ಕರಿ ಸಿಗದ್ದಕ್ಕ ಬೆಲ್ಲದ ಚಹಾ ಆತು, ನನ್ನ ಖಾರಾನೂ ಆತು. ಪಾರ್ವತವ್ವನ ಮಾರಿ ಅರಳಿತ್ತು. ಇನ್ನೇನು, ಎಲಿ ಅಡಿಕಿ ಕೊಟ್ರ ಮಾತು ಮುಗಿದಂಗ. ಚನ್ನಬಸಪ್ಪ ತನ್ನ ತೋಟದ ಎಳಿ ಎಲಿ ತಗೊಂಡ, ತೊಟ್ಟು ಮುರಿದ, ಸುಣ್ಣದ ಡಬ್ಬಿ ತೆಗೆದ. ಬಟ್ಟು ನಡುಗಿತು!

ಮಗಳ ಲಗ್ನ ಅಂದ್ರ ಯಾವ ಅಪ್ಪನ ಕೈ ನಡಗಂಗಿಲ್ಲ? ಇದು ಈಗ ತಿಳೀತೈತಿ. ಆಗ ನನಗ ಕಂಡಿದ್ದು ನಮ್ಮ ಕಟ್ಟಳಿ ಒಂದ. ಕೈ ನಡುಗಿತು, ಆಸೆ ಹುಟ್ಟಿತು, ಶಿಷ್ಯ ಮುಳುಗಿದ! ಜಿಗಿದು ಎದ್ದು ಅವನ ರಟ್ಟಿ ಹಿಡಿದೆ.

"ತಡಕೋ ಚನ್ನಬಸಪ್ಪ! ಇಷ್ಟು ದಿನ ಬಿಟ್ಟೀ, ಇವತ್ತೊಂದಿನ ತಡಕೋ!"

ರುದ್ರಪ್ಪ ಲವಂಗ ಮೆಲ್ಲೋದು ನಿಲ್ಲಿಸಿದ. "ಏನು ಬಿಟ್ಟಾರ?"

"ಸೆರೆ, ಬೀಗರ! ಎಂಥಾ ಕುಡುಕ ಇದ್ದ ಅಂತೀರಿ! ಗಟಾರದಾಗ ಬಿದ್ದವನ್ನ ನಾನ ಎತ್ತಿ ತರ್ತಿದ್ದೆ. ನಾನೂ ಅಲ್ಲೇ ಬಿದ್ದಿರ್ತಿದ್ದೆ, ಅದು ಬ್ಯಾರೆ ಮಾತು!"

ನಾ ಏನು ಆಡಿದೆ ಅನ್ನೋದು ಆಡಿ ಮುಗಿದ ಮ್ಯಾಲ ನನಗ ತಿಳೀತು, ನಂದು ಯಾವಾಗಲೂ ಹಂಗ. ಒಳಗ ನೀಲವ್ವ ಅಳಾಕತ್ತಿದ್ದು ಕೇಳಿಸ್ತು. ಗಂಗವ್ವ "ಅಯ್ಯೋ ಶಿವನ" ಅಂದಿದ್ದೂ ಕೇಳಿಸ್ತು. ಅಲ್ಲೇ ನೆಲ ಬಾಯಿ ಬಿಟ್ಟಿದ್ರ ಇಳಿದು ಹೋಗತಿದ್ದೆ. ಬಿಡಲಿಲ್ಲ, ಅದಕ್ಕ ಬಾಗಲದಾಗಿಂದ ಹೋದೆ.

ಎಲ್ಲಿಗೆ ಅಂತ ಕಾಲಿಗೆ ಹೇಳಿರಲಿಲ್ಲ. ಅವಕ್ಕ ಗೊತ್ತಿತ್ತು. ಪ್ಯಾಟಿ ದಾಟಿ, ಓಣಿ ತಿರುಗಿ, ಸೀದಾ ಸೆರೆ ಅಂಗಡಿ ಕಡೆ ಹೊಂಟಿದ್ವು. ಒಂದ ಗುಟುಕು ಕುಡಿದ್ರ ನೀಲವ್ವನ ಅಳು ಕೇಳಂಗಿಲ್ಲ ಅನ್ನಿಸ್ತು. ಅಂಗಡಿ ವಾಸನಿ ಮೂಗಿಗೆ ಬಡೀತು. ಈ ಸಲ ಮೂಗು ಹಿಡಕೊಳ್ಳಲಿಲ್ಲ.

"ಫಕೀರಪ್ಪಾ! ಎಲ್ಲಿಗೆ ಹೊಂಟಿ?"

ತಿರುಗಿ ನೋಡಿದ್ರ ಚನ್ನಬಸಪ್ಪ. ತಲಿ ಮ್ಯಾಲ ರುಮಾಲಿಲ್ಲ, ಏದುಸಿರು ಬಿಡಾಕತ್ತಾನ.

"ಸುಮ್ಮನ, ತಿರುಗಾಡಾಕ."

"ಸುಮ್ಮನ ತಿರುಗಾಡೋವ ಚಪ್ಪಲ್ ಹಾಕ್ಕೊಂಡು ಬರ್ತಾನ."

ಕಾಲು ನೋಡಿಕೊಂಡೆ. ಬರಿಗಾಲು. "ನಿನ್ನ ಮಗಳ ಲಗ್ನ ಮುರಿದೆನೋ. ಆ ಚಪ್ಪಲ್ಲೆ ನನ್ನ ಹೊಡಿ" ಅಂತ ಅತ್ತುಬಿಟ್ಟೆ.

"ಹೊಡೀತೇನಿ. ಮೊದಲು ಎಲಿ ತಗೋ." ಬೀಗರಿಗೆ ಅಂತ ಮುರಿದ ಎಲಿ ಅವನ ಕೈಯಾಗ ಹಂಗ ಇತ್ತು. ಡಬ್ಬಿ ತೆಗೆದು ಸುಣ್ಣ ಹಚ್ಚಿದ. ಅವನ ಕೈ ಈಗ ನಡುಗಲಿಲ್ಲ. ನಂದು ನಡುಗತಿತ್ತು.

"ಬೀಗರನ್ನ ಕುಂದ್ರಿಸಿ ಬಂದಿಯಲ್ಲೋ!"

"ಎಲ್ಲಿ ಹೋಗ್ತಾರ? ಬಸ್ಸು ಇರೋದು ನಾಳೆ ಮುಂಜಾನಿ" ಅಂದ. ಇಬ್ಬರೂ ಯಾರದೋ ಕಟ್ಟಿ ಮ್ಯಾಲ ಕುಂತು ಮೆದ್ದಿವಿ. ಕಾಲು ಸುಮ್ಮನಾದ ಮ್ಯಾಲ ಕೈ ಹಿಡಿದು ಮನಿಗೆ ಕರಕೊಂಡು ಬಂದ.

ಬಾಗಲದಾಗ ಪಾರ್ವತವ್ವ ನಿಂತಿದ್ಲು. "ಎಲ್ಲಿಗೆ ಹೋಗಿದ್ರಿ?"

ನಾ ಒಂದು ಚೊಲೊ ಸುಳ್ಳು ಹುಡುಕಾಕತ್ತಿದ್ದೆ. ಚನ್ನಬಸಪ್ಪ ಕೆಲಸ ಕೆಡಿಸಿದ. "ಸುಳ್ಳು ಹೇಳಂಗಿಲ್ರಿ ಅವ್ವಾರ. ಇವ ಸೆರೆ ಅಂಗಡಿ ಕಡೆ ಹೊಂಟಿದ್ದ, ಕರಕೊಂಡು ಬಂದೆ. ನಾನೂ ಕುಡಿಯೋವ ಇದ್ದೆ, ಅದೂ ಖರೆ. ಒಬ್ಬರನ್ನೊಬ್ಬರು ಹಿಡಕೊಂಡು ನಿಂತೇವಿ. ನನ್ನ ಮಗಳದು ಏನೂ ತಪ್ಪಿಲ್ಲ. ಮುಂದಿಂದು ನಿಮಗ ಬಿಟ್ಟಿದ್ದು."

ಪಾರ್ವತವ್ವ ನಮ್ಮಿಬ್ಬರ ಮಾರಿ ನೋಡಿದ್ಲು, ಹಿಡಕೊಂಡ ಕೈ ನೋಡಿದ್ಲು. ಆಮ್ಯಾಲ ಒಳಗ ತಿರುಗಿ ಗಂಡಗ ಅಂದ್ಲು, "ಬಾಯಾಗಿನ ಲವಂಗ ಉಗುಳ್ರಿ."

ರುದ್ರಪ್ಪ ತಲಿ ತಗ್ಗಿಸಿದ. ಅಯ್ಯೋ ನನ್ನ ಮೂಗ! ಕುಡಿದ ವಾಸನಿ ಮುಚ್ಚಾಕ ನಾನೂ ವರ್ಷಗಟ್ಟಲೆ ಲವಂಗ ಮೆದ್ದವ. ಮುಂಜಾನಿಂದ ಕುಡಿಯದವನ ಬಾಯಿ ಮೂಸಿದೆ, ಕುಡಿದವಗ ಹಲ್ಲುನೋವು ಅಂತ ಮರುಗಿದೆ!

"ನಮ್ಮ ಮನಿಯವರು ಹಿಂಗ ಎದ್ದು ಹೋದ್ರ ಬೆನ್ನ ಹತ್ತಿ ಓಡೋರು ನಮ್ಮ ಊರಾಗ ಯಾರೂ ಇಲ್ರಿ" ಅಂತ ಪಾರ್ವತವ್ವ ಸೆರಗಿಲೆ ಕಣ್ಣು ಒರಸಿಕೊಂಡ್ಲು. "ನೀಲವ್ವ ಹೂಂ ಅಂದ್ರ ನಮಗ ಹೆಣ್ಣು ಒಪ್ಪಿಗಿ ಐತಿ. ಲಗ್ನದ ತನಕ ಇವರನ್ನ ನಿಮ್ಮ ತೋಟದಾಗ ನಿಮ್ಮ ಬಾಜೂಕ ಇಟಗೋರಿ."

"ಚಿಂತಿ ಬಿಡ್ರಿ!" ಅಂತ ನಾ ಮುಂದ ಬಂದೆ. "ನಾ ಇದ್ದೇನಿ! ಬೀಗರ ನೆರಳ ಆಗ್ತೇನಿ!"

"ನೀವು ಬ್ಯಾಡ್ರಿ" ಅಂದ್ಲು ಪಾರ್ವತವ್ವ. ಒಳಗಿಂದ ನಗು ಕೇಳಿಸ್ತು. ಗಂಗವ್ವಂದು ಇತ್ತು, ನೀಲವ್ವಂದೂ ಇತ್ತು.

ಲಗ್ನ ಆತು. ಹಂದರದಾಗ ನನ್ನ ನಡುವ ಕುಂದ್ರಿಸಿ ಆ ಕಡೆ ಚನ್ನಬಸಪ್ಪ, ಈ ಕಡೆ ರುದ್ರಪ್ಪ ಕುಂತಿದ್ರು. ಇಬ್ಬರೂ ಕಾವಲು. ಅಕ್ಷತಾ ಬಿದ್ದ ಕೂಡಲೇ ನಾಕು ಮಂದಿ ಮುಂದ ಈ ಲಗ್ನ ಹೆಂಗ ಕೂಡಿಸಿದೆ ಅಂತ ಹೇಳಬೇಕಂತ ಬಾಯಿ ತೆಗೆದೆ. ರುದ್ರಪ್ಪ ತಟ್ಟನ ಒಂದು ಎಲಿಗೆ ಸುಣ್ಣ ಹಚ್ಚಿ ನನ್ನ ಬಾಯಾಗ ಇಟ್ಟ. ಬಿಟ್ಟು ಭಾಳ ದಿನ ಆಗಿರಲಿಲ್ಲ ನೋಡ್ರಿ, ಅವನ ಕೈ ಇನ್ನೂ ನಡುಗತಿತ್ತು. ಡಬ್ಬಿಯಾಗಿನ ಅರ್ಧ ಸುಣ್ಣ ಎಲಿ ಮ್ಯಾಲ! ನಾಲಿಗಿ ಸುಟ್ಟು ಕಣ್ಣಾಗ ನೀರು ಬಂತು. ಉಗುಳೋಣ ಅಂದ್ರ ಅವ ನನ್ನ ಮಾರಿನ ನೋಡಾಕತ್ತಿದ್ದ, ತಾ ಹಚ್ಚಿಕೊಟ್ಟ ಎಲಿ ಹೆಂಗ ಐತಿ ಅಂತ. ಉಗುಳಲಿಲ್ಲ, ಪೂರಾ ಮೆದ್ದೆ.

ಹೆಣ್ಣಮಕ್ಕಳ ಗುಂಪಿನಾಗಿಂದ ಗಂಗವ್ವ ಕೂಗಿ ಕೇಳಿದ್ಲು, "ಏನ್ರಿ, ಏನೋ ಹೇಳಾಕ ಹೊಂಟಿದ್ರೆಲ್ಲ?"

ನಾ ಇಲ್ಲ ಅಂತ ತಲಿ ಅಲ್ಲಾಡಿಸಿದೆ.